ಡೆನ್ವರ್‌ನ ಯಹೂದಿ ಟಿಬಿ ಆಸ್ಪತ್ರೆಗಳು: ಒಂದೇ ರೋಡಲ್ಲಿ ಎರಡು ಯಾಕೆ? ವಾಸಿಯಾದೋರು ಆಮೇಲೆ ಏನ್ಮಾಡಿದ್ರು?

ಕೋಲ್ಫಾಕ್ಸ್_ಕನ್ನಡಿಗ:

ಎಲ್ರಿಗೂ ನಮಸ್ಕಾರ. ಡೆನ್ವರ್ ಪಕ್ಕದ ಲೇಕ್‌ವುಡ್‌ಗೆ ಬಂದು ಮೂರು ವರ್ಷ ಆಯ್ತು. ಇಲ್ಲಿ ಕಾಸಾ ಬೊನೀಟಾ ಅಂತ ಗುಲಾಬಿ ಬಣ್ಣದ ಗೋಪುರ ಇರೋ ಒಂದು ಹೋಟ್ಲು ಇದೆ, ಮಕ್ಳು ಹಠ ಮಾಡಿದ್ರು ಅಂತ ಹೋಗಿದ್ದೆ. ಅಲ್ಲಿ ಸಿಕ್ಕ ಒಬ್ರು ವಯಸ್ಸಾದ ಅಮೆರಿಕನ್ ಈ ಕಾಂಪ್ಲೆಕ್ಸ್‌ಗೆ ಮೊದ್ಲು ಜೆಸಿಆರ್‌ಎಸ್ ಶಾಪಿಂಗ್ ಸೆಂಟರ್ ಅಂತಿದ್ರು, ಅದು ಕ್ಷಯರೋಗದ ಆಸ್ಪತ್ರೆ ಹೆಸ್ರು ಅಂದ್ರು. ಅಂಗಡಿ ಸಾಲಿಗೆ ಟಿಬಿ ಆಸ್ಪತ್ರೆ ಹೆಸ್ರಾ ಅಂತ ನಗು ಬಂತು. ಆಮೇಲೆ ಒಂದಿನ ವಾಕ್ ಹೋದಾಗ ಹಿಂದ್ಗಡೆ ನೋಡಿದ್ರೆ ಹಳೇ ಇಟ್ಟಿಗೆ ಕಟ್ಟಡಗಳು, ಪುಟ್ಟ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ), ದೊಡ್ಡ ದೊಡ್ಡ ಮರ. ಜ್ಯೂಯಿಷ್ ಕನ್ಸಂಪ್ಟಿವ್ಸ್ ರಿಲೀಫ್ ಸೊಸೈಟಿ ಅಂತ ಪೂರ್ತಿ ಹೆಸ್ರು.

ಸರಿ. ಆದ್ರೆ ಇದೇ ಕೋಲ್ಫಾಕ್ಸ್ ರೋಡಲ್ಲಿ ಊರಿನ ಆ ತುದಿಗೆ ನ್ಯಾಷನಲ್ ಜ್ಯೂಯಿಷ್ ಅಂತ ಇನ್ನೊಂದು ದೊಡ್ಡ ಆಸ್ಪತ್ರೆ ಇದೆಯಲ್ಲ, ಅದೂ ಟಿಬಿಗೆ ಅಂತಾನೇ ಶುರುವಾಗಿದ್ದಂತೆ, ಅದೂ ಯಹೂದಿಗಳೇ ಕಟ್ಟಿಸಿದ್ದು, ಅಲ್ಲೂ ದುಡ್ಡು ತಗೊಳ್ತಿರ್ಲಿಲ್ಲ. ಒಂದೇ ಊರಲ್ಲಿ ಒಂದೇ ಜನ ಐದೇ ವರ್ಷದ ಅಂತರದಲ್ಲಿ ಎರಡೆರಡು ಧರ್ಮಾಸ್ಪತ್ರೆ ಯಾಕೆ ಕಟ್ಟಿದ್ರು?

ಇನ್ನೊಂದು ಪ್ರಶ್ನೆ ಸ್ವಲ್ಪ ಸ್ವಂತದ್ದು. ನಮ್ ತಾತಂಗೆ ಟಿಬಿ ಆಗಿತ್ತು, ಮೈಸೂರು ಸ್ಯಾನಟೋರಿಯಂನಲ್ಲಿ ವರ್ಷದ ಮೇಲೆ ಇದ್ದು ವಾಸಿ ಮಾಡ್ಕೊಂಡ್ ಬಂದ್ರು. ಅದಕ್ಕೆ ಮೊದ್ಲು ಒಂದು ರೈಸ್ ಮಿಲ್‌ನಲ್ಲಿ ರೈಟರ್ ಆಗಿದ್ರು. ವಾಪಸ್ ಹೋದ್ರೆ ಸಾಹುಕಾರ್ರು ‘ಇನ್ನೂ ಸ್ವಲ್ಪ ಸುಧಾರಿಸ್ಕೊಳಿ’ ಅಂತ ಎರಡ್ ವರ್ಷ ಹಂಗೇ ಹೇಳ್ತಾ ಹೋದ್ರಂತೆ, ಕೊನೆಗೂ ಕೆಲಸ ಕೊಡ್ಲಿಲ್ಲ. ಮನೇಲೂ ಅವರ ಅಲ್ಯೂಮಿನಿಯಂ ತಟ್ಟೆ ಲೋಟ ಹಿತ್ಲ ಗೂಡಲ್ಲಿ ಬೇರೆ. ಅದ್ನ ನಾನೇ ನೋಡಿದೀನಿ. ಅದಕ್ಕೇ ಕೇಳ್ತಿರೋದು, ಇಲ್ಲಿ ವಾಸಿಯಾಗಿ ಹೊರಗೆ ಬಂದ ಬಡವರ ಗತಿ ಏನಾಗ್ತಿತ್ತು? ಅದಕ್ಕೂ ಏನಾದ್ರೂ ವ್ಯವಸ್ಥೆ ಇತ್ತಾ? ಗೊತ್ತಿರೋರು ಹೇಳಿ.

ಹಳೇ_ದಫ್ತರ:

ಒಳ್ಳೇ ಪ್ರಶ್ನೆ ಸರ್. ಉತ್ತರ ಸ್ವಲ್ಪ ಉದ್ದ ಆಗುತ್ತೆ, ಕಾಫಿ ಹಿಡ್ಕೊಂಡು ಓದಿ.

ಒಂದೇ ಜನ ಅಂದ್ರಲ್ಲ, ಅಲ್ಲೇ ಇರೋದು ವಿಷ್ಯ. ಅವರು ಒಂದೇ ಜನ ಆಗಿರ್ಲಿಲ್ಲ.

19ನೇ ಶತಮಾನದ ಕೊನೇಲಿ ಕೊಲರಾಡೋದ ಒಣ ಹವಾ, ಬಿಸಿಲು ಕ್ಷಯಕ್ಕೆ ಒಳ್ಳೇದು ಅಂತ ಅಮೆರಿಕದ ಎಲ್ಲಾ ಕಡೆಯಿಂದ ಜನ ಡೆನ್ವರ್‌ಗೆ ರೈಲು ಹತ್ತೋರು. ಕಾಸಿದ್ದೋರು ಬೋರ್ಡಿಂಗ್ ಮನೆ ಹಿಡೀತಿದ್ರು. ಇಲ್ದೋರು ರಸ್ತೇಲಿ ರಕ್ತ ಕಾರ್ಕೊಂಡು ಬೀಳೋರು, ಬೋರ್ಡಿಂಗ್ ಮನೆಯೋರು ಕೆಮ್ಮು ಕೇಳಿಸಿದ್ರೆ ಬಾಗಿಲು ಹಾಕ್ತಿದ್ರು. ಫ್ರಾನ್ಸಿಸ್ ವೈಸ್‌ಬಾರ್ಟ್ ಜೇಕಬ್ಸ್ ಅಂತ ಒಬ್ಬ ಹೆಣ್ಮಗಳು ಇದನ್ನ ನೋಡಿ ಒಂದು ಆಸ್ಪತ್ರೆ ಬೇಕೇ ಬೇಕು ಅಂತ ಹಿಡಿದು ಕೂತ್ರು. ಇವ್ರು ಸಾಮಾನ್ಯದೋರಲ್ಲ, ಕೊಲರಾಡೋ ವಿಧಾನಸೌಧದ ಗುಮ್ಮಟದಲ್ಲಿ ಬಣ್ಣದ ಗಾಜಲ್ಲಿ 16 ಜನರ ಚಿತ್ರ ಇದೆ, ಅದ್ರಲ್ಲಿ ಹೆಂಗಸು ಅಂದ್ರೆ ಇವರೊಬ್ರೇ. 1892ರ ಅಕ್ಟೋಬರ್‌ನಲ್ಲಿ ಅಡಿಗಲ್ಲು ಬಿತ್ತು, ಮುಂದಿನ ತಿಂಗಳೇ ಈಕೆ ತೀರ್ಕೊಂಡ್ರು. 1893ರಲ್ಲಿ ಕಟ್ಟಡ ಎದ್ದು ನಿಲ್ಲೋ ಹೊತ್ತಿಗೆ ಬೆಳ್ಳಿ ರೇಟು ಬಿದ್ದು ಕೊಲರಾಡೋ ಪೂರ್ತಿ ಪಾಪರ್ ಆಯ್ತು. ಆಸ್ಪತ್ರೆ ಇದೆ, ನಡೆಸೋಕೆ ದುಡ್ಡಿಲ್ಲ. ಆರು ವರ್ಷ ಬೀಗ! ಒಳಗೆ ಮಂಚ ಹಾಕೋ ಜಾಗ ಖಾಲಿ, ಹೊರಗೆ ಜನ ಸಾಯ್ತಿದಾರೆ. ಕೊನೆಗೆ ಬ್ನೈ ಬ್ರಿತ್ ಅನ್ನೋ ಯಹೂದಿ ಸಂಘ ದೇಶದ ತುಂಬಾ ಚಂದಾ ಎತ್ತಿ 1899ರ ಡಿಸೆಂಬರ್ 10ಕ್ಕೆ 60 ಹಾಸಿಗೆ ಇಟ್ಟು ಬಾಗಿಲು ತೆಗೀತು. ಇದೇ ನಿಮ್ಮ ನ್ಯಾಷನಲ್ ಜ್ಯೂಯಿಷ್. ಧ್ಯೇಯವಾಕ್ಯ ಏನು ಗೊತ್ತಾ, ದುಡ್ಡು ಕೊಡೋ ಶಕ್ತಿ ಇರೋರು ಒಳಗೆ ಬರೋ ಹಾಗಿಲ್ಲ, ಒಳಗೆ ಬಂದೋರು ದುಡ್ಡು ಕೊಡೋ ಹಾಗಿಲ್ಲ. ಜಾತಿ ಧರ್ಮ ಕೇಳ್ತಿರ್ಲಿಲ್ಲ, ಮೊದಲ ಪೇಷೆಂಟೇ ಯಹೂದಿ ಅಲ್ಲ, ಸ್ವೀಡನ್ ಮೂಲದ ಹೆಂಗಸು.

ಇಷ್ಟೆಲ್ಲ ಚೆನ್ನಾಗಿದ್ರೂ ಒಂದು ಎಡವಟ್ಟಿತ್ತು. ನಡೆಸ್ತಿದ್ದೋರು ಬಹುಪಾಲು ಜರ್ಮನಿ ಕಡೆಯಿಂದ ಎರಡ್ಮೂರು ತಲೆಮಾರು ಮುಂಚೆ ಬಂದು ನೆಲೆ ನಿಂತ ಅನುಕೂಲಸ್ಥರು, ಇಂಗ್ಲಿಷ್ ಮಾತಾಡೋರು, ಅಚ್ಚುಕಟ್ಟು. ಬರ್ತಿದ್ದ ಪೇಷೆಂಟ್‌ಗಳೋ ರಷ್ಯಾ, ಪೋಲೆಂಡ್ ಕಡೆಯ ಬಡ ಟೈಲರ್‌ಗಳು, ಯಿಡ್ಡಿಷ್ ಅನ್ನೋ ತಮ್ಮದೇ ಭಾಷೆ ಮಾತಾಡೋರು, ಮಡಿ ಮೈಲಿಗೆ ಇರೋರು. ಆಸ್ಪತ್ರೆ ರೂಲ್ಸ್ ಪ್ರಕಾರ ಕಾಯಿಲೆ ಶುರುವಿನ ಹಂತದಲ್ಲಿ ಇದ್ರೆ ಮಾತ್ರ ಸೇರಿಸ್ಕೊಳ್ಳೋದು, ಆರು ತಿಂಗ್ಳು ಆದ್ಮೇಲೆ ಹೊರಡ್ಬೇಕು. ಮೊದಲ ವರ್ಷಗಳಲ್ಲಿ ಕೋಷರ್ ಅಡುಗೇನೂ, ಅಂದ್ರೆ ಯಹೂದಿ ಶಾಸ್ತ್ರದ ಪ್ರಕಾರದ ಅಡುಗೆ, ಇಲ್ಲ. ಹಂದಿ ಮುಟ್ಟದ, ಮಾಂಸ ಹಾಲು ಒಟ್ಟಿಗೆ ತಿನ್ನದ ಮನುಷ್ಯನಿಗೆ ಸಾಯೋ ಹೊತ್ತಲ್ಲಿ ‘ಇದೇ ಇರೋದು ತಿನ್ನಿ’ ಅಂದಂಗೆ.

ಅವರ ಲೆಕ್ಕಾನೂ ಪೂರ್ತಿ ತಪ್ಪು ಅನ್ನೋಕಾಗಲ್ಲ, ಇರೋ ಹಾಸಿಗೆಗಳನ್ನ ವಾಸಿ ಆಗೋರಿಗೆ ಕೊಟ್ರೆ ಹೆಚ್ಚು ಜನ ಉಳೀತಾರೆ ಅನ್ನೋದು. ಆದ್ರೆ ಮುಂದುವರಿದ ಕಾಯಿಲೆಯೋನು ಎಲ್ಲಿ ಹೋಗ್ಬೇಕು?

ಅದಕ್ಕೇ ಎರಡನೇದು ಹುಟ್ಟಿದ್ದು. 1904ರಲ್ಲಿ ಡೆನ್ವರ್‌ನಲ್ಲೇ ಇದ್ದ ಪೂರ್ವ ಯುರೋಪಿನ ಕೂಲಿ ಮಾಡೋ ಯಹೂದಿಗಳು, ಅವರಲ್ಲೂ ಎಷ್ಟೋ ಜನಕ್ಕೆ ಟಿಬಿ ಇತ್ತು, ಚಿಲ್ಲರೆ ಕಾಸು ಸೇರಿಸಿ ಜೆಸಿಆರ್‌ಎಸ್ ಶುರು ಮಾಡಿದ್ರು. ಡಾಕ್ಟರ್ ಫಿಲಿಪ್ ಹಿಲ್ಕೋವಿಟ್ಜ್ ಅಧ್ಯಕ್ಷರು, ಡಾಕ್ಟರ್ ಚಾರ್ಲ್ಸ್ ಸ್ಪಿವಾಕ್ ಕಾರ್ಯದರ್ಶಿ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಊರಾಚೆ ಬಯಲಲ್ಲಿ ಏಳು ಜನ ಪೇಷೆಂಟ್ಸ್, ವಾರ್ಡ್ ಅಂದ್ರೆ ಟೆಂಟು. ಮರದ ಹಲಗೆ ನೆಲ, ಮರದ ಚೌಕಟ್ಟು, ಸುತ್ತ ಕ್ಯಾನ್ವಾಸ್. ಯಾವ ಹಂತದ ಕಾಯಿಲೆ ಇದ್ರೂ ಬನ್ನಿ, ಕೋಷರ್ ಊಟ, ಯಿಡ್ಡಿಷ್ ಮಾತು. ಒಂದು ಜೀವ ಉಳಿಸಿದವನು ಇಡೀ ಲೋಕ ಉಳಿಸಿದಂಗೆ ಅಂತ ಟಾಲ್ಮುಡ್ ಅನ್ನೋ ಯಹೂದಿ ಶಾಸ್ತ್ರಗ್ರಂಥದಲ್ಲಿ ಒಂದು ಮಾತಿದೆ, ಅದೇ ಇವರ ಧ್ಯೇಯವಾಕ್ಯ.

ಎರಡೂ ಕಡೆಯೋರು ವರ್ಷಗಟ್ಟಲೆ ಪೇಪರ್‌ನಲ್ಲಿ ಕಿತ್ತಾಡ್ಕೊಂಡ್ರು. ಚಂದಾ ಎತ್ತೋದೂ ಅದೇ ಊರುಗಳಲ್ಲಿ ಅಲ್ವಾ, ಜಗಳ ಬರದೆ ಇರುತ್ತಾ. ನಮ್ಮೂರಲ್ಲಿ ಒಂದೇ ಬೀದೀಲಿ ಎರಡು ಗಣಪತಿ ಕೂರಿಸಿದ್ರೆ ರಸೀದಿ ಪುಸ್ತಕ ಹಿಡ್ಕೊಂಡು ಹೆಂಗೆ ಆಡ್ತಾರೋ ಹಂಗೇ.

ಕೋಲ್ಫಾಕ್ಸ್_ಕನ್ನಡಿಗ:

ಅಬ್ಬಾ, ಥ್ಯಾಂಕ್ಸ್ ಸರ್. ಆರು ವರ್ಷ ಬೀಗ ಹಾಕಿತ್ತು ಅನ್ನೋದು ಓದಿ ಬೇಜಾರಾಯ್ತು. ಇಲ್ಲಿ ಜನವರಿ ಚಳೀಲಿ ಕಾರ್ ಗ್ಲಾಸ್ ಮೇಲಿನ ಐಸ್ ಕೆರೆಯೋಕೇ ನಂಗೆ ಜೀವ ಹೋಗುತ್ತೆ, ಕ್ಯಾನ್ವಾಸ್ ಟೆಂಟಲ್ಲಿ ರೋಗಿಗಳನ್ನ ಮಲಗಿಸ್ತಿದ್ರಾ?? ಮತ್ತೆ ಟಿಬಿ ಯಹೂದಿಗಳಿಗೇ ಜಾಸ್ತಿ ಬರ್ತಿತ್ತಾ, ಅದಕ್ಕೇನಾ ಇಷ್ಟೊಂದು ಆಸ್ಪತ್ರೆ?

ಸಿಸ್ಟರ್_ಶಾಂತಾ:

ನಾನು ನರ್ಸ್, ಎದೆರೋಗದ ವಾರ್ಡಲ್ಲೇ ಹೆಚ್ಚು ವರ್ಷ ಕಳೆದಿರೋದು, ಅದಕ್ಕೆ ಈ ಟೆಂಟ್ ವಿಷ್ಯ ನಾನ್ ಹೇಳ್ತೀನಿ. ಮಲಗಿಸ್ತಿದ್ರು ಅಲ್ಲ, ಅದೇ ಟ್ರೀಟ್‌ಮೆಂಟು. ರಾಬರ್ಟ್ ಕಾಖ್ ಅನ್ನೋ ಜರ್ಮನ್ ವಿಜ್ಞಾನಿ 1882ರಲ್ಲಿ ಟಿಬಿ ಕ್ರಿಮಿ ಕಂಡುಹಿಡಿದ್ರೂ ಅದನ್ನ ಕೊಲ್ಲೋ ಔಷಧಿ ಬರೋಕೆ ಅರವತ್ತು ವರ್ಷ ಹಿಡೀತು. ಅಲ್ಲೀವರ್ಗೆ ಇದ್ದಿದ್ದು ಗಾಳಿ, ಬಿಸಿಲು, ರೆಸ್ಟು, ಊಟ. ಚಳೀಲೂ ವರಾಂಡದಲ್ಲೇ ಮಂಚ, ಕಂಬಳಿ ಮೇಲೆ ಕಂಬಳಿ. ಹಾಲು ಮೊಟ್ಟೆ ಅಂತ ಬಲವಂತವಾಗಿ ತಿನ್ನಿಸೋರು, ವಾರಕ್ಕೊಂದ್ಸಲ ತೂಕ, ದಿನಾ ಜ್ವರ ನೋಡಿ ಬರ್ಕೊಳ್ಳೋದು, ಪ್ರತಿಯೊಬ್ರಿಗೂ ಬೇರೆ ಬೇರೆ ಕಫದ ಡಬ್ಬಿ. ಅರ್ಧ ಕೆಜಿ ಜಾಸ್ತಿ ಆದ್ರೆ ಹಬ್ಬ. ಮೈ ತಾನೇ ಕ್ರಿಮಿ ಜೊತೆ ಹೋರಾಡಿ ಗೆದ್ರೆ ಉಂಟು, ಇಲ್ದಿದ್ರೆ ಇಲ್ಲ.

ಜೆಸಿಆರ್‌ಎಸ್‌ನೋರು ಅದಕ್ಕೇ ತಮ್ಮದೇ ಹಸು, ಕೋಳಿ, ಹೊಲ ಇಟ್ಕೊಂಡಿದ್ರು. ಅಂಚೆ ಕಛೇರೀನೂ ಅವರದ್ದೇ, ಸ್ಪಿವಾಕ್ ಡಾಕ್ಟರ್ ಹೆಸರಲ್ಲೇ ಆ ಅಂಚೆ ಕಛೇರಿ ಹೆಸ್ರು ಕೂಡ.

ಇನ್ನು ಯಹೂದಿಗಳಿಗೇ ಜಾಸ್ತಿನಾ ಅಂದ್ರೆ, ಇಲ್ಲ. ನ್ಯೂಯಾರ್ಕ್ ಲೆಕ್ಕದಲ್ಲಿ ಅವರಲ್ಲಿ ಟಿಬಿ ಸಾವು ಬೇರೆ ಎಷ್ಟೋ ಸಮುದಾಯಗಳಿಗಿಂತ ಕಮ್ಮಿನೇ ಇತ್ತು. ಆದ್ರೂ ‘ಟೈಲರ್ ಕಾಯಿಲೆ’, ‘ಯಹೂದಿ ಕಾಯಿಲೆ’ ಅಂತ ಹೆಸ್ರು ಅಂಟ್ಕೊಂಡ್ತು, ಯಾಕಂದ್ರೆ ಬಟ್ಟೆ ಹೊಲಿಯೋ ಕೆಲಸದಲ್ಲಿ ಅವರೇ ತುಂಬಿದ್ರು. ಕಿಟಕಿ ಇಲ್ಲದ ರೂಮು, ಹತ್ತು ಜನ, ಇಸ್ತ್ರಿ ಹಬೆ, ನೂಲಿನ ಧೂಳು, ಬೆಳಗ್ಗಿಂದ ರಾತ್ರಿವರ್ಗೂ ಬಗ್ಗಿ ಕೂರೋದು. ವಲಸೆ ವಿರೋಧಿಗಳಿಗೆ ಇದು ಸಿಕ್ಕಿದ್ದೇ ಸಾಕಾಯ್ತು. 1907ರ ಅಮೆರಿಕ ವಲಸೆ ಕಾನೂನಲ್ಲಿ ಟಿಬಿ ಇರೋರನ್ನ ಒಳಗೆ ಬಿಡೋ ಹಾಗಿಲ್ಲ ಅಂತ ನೇರವಾಗೇ ಬರೆದ್ರು. ನಮ್ಮೋರನ್ನ ನಾವೇ ನೋಡ್ಕೊತೀವಿ, ಸರ್ಕಾರಕ್ಕೆ ಭಾರ ಆಗಲ್ಲ ಅಂತ ತೋರಿಸ್ಬೇಕಾದ ಒತ್ತಡ ಇವರ ಮೇಲಿತ್ತು. ದಾನದ ಹಿಂದೆ ಧರ್ಮಾನೂ ಇತ್ತು, ಭಯಾನೂ ಇತ್ತು.

ಪದ್ಯಪ್ರಿಯ:

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ವಿಷಯಾಂತರ ಅನ್ಸಿದ್ರೆ ಕ್ಷಮಿಸಿ. ಈ ಡೆನ್ವರ್ ಯಿಡ್ಡಿಷ್ ಸಾಹಿತ್ಯದ ಒಂದು ದೊಡ್ಡ ಅಡ್ಡಾ ಆಗಿತ್ತು, ಅದಕ್ಕೆ ಕಾರಣಾನೂ ಟಿಬಿನೇ. ಡೇವಿಡ್ ಎಡೆಲ್‌ಶ್ಟಾಟ್ ಅನ್ನೋ ಕಾರ್ಮಿಕ ಕವಿ 1892ರ ಅಕ್ಟೋಬರ್‌ನಲ್ಲಿ ಡೆನ್ವರ್‌ನಲ್ಲೇ ತೀರ್ಕೊಂಡ, ವಯಸ್ಸು 26. ಮೇಲೆ ಅಡಿಗಲ್ಲು ಬಿತ್ತು ಅಂದ್ರಲ್ಲ, ಅದೇ ತಿಂಗಳು. ಆಮೇಲೆ ಯೆಹೋಆಶ್ ಅನ್ನೋ ಕವಿ ಟಿಬಿ ಅಂತ ಬಂದು ಹತ್ತು ವರ್ಷದ ಹತ್ತಿರ ಇಲ್ಲೇ ಇದ್ದು ಬದುಕ್ಕೊಂಡ. ಅವನೂ ಸ್ಪಿವಾಕ್ ಡಾಕ್ಟ್ರೂ ಸೇರಿ ಯಿಡ್ಡಿಷ್‌ನಲ್ಲಿ ಬಳಸೋ ಹೀಬ್ರೂ ಪದಗಳಿಗೆ ನಿಘಂಟು ಮಾಡಿ 1911ರಲ್ಲಿ ಅಚ್ಚು ಹಾಕಿಸಿದ್ರು. ಎಚ್. ಲೈವಿಕ್ 1930ರ ದಶಕದಲ್ಲಿ ಜೆಸಿಆರ್‌ಎಸ್‌ನಲ್ಲಿ ಪೇಷೆಂಟ್. ಹಗಲು ಕಫದ ಪರೀಕ್ಷೆ, ಸಂಜೆ ಪದ್ಯ ಓದೋದು ಅಂದ್ರೆ ಊಹಿಸ್ಕೊಳಿ.

ಸ್ಪಿವಾಕ್ ಕಥೆ ಒಂದು ಹೇಳ್ದೆ ಹೋದ್ರೆ ನಿದ್ದೆ ಬರಲ್ಲ. 1927ರಲ್ಲಿ ಸತ್ತಾಗ ಉಯಿಲಲ್ಲಿ ಏನ್ ಬರೆದಿದ್ರು ಅಂದ್ರೆ, ನನ್ನ ಹೆಣ ಹತ್ರದ ಮೆಡಿಕಲ್ ಕಾಲೇಜಿಗೆ ಕೊಡಿ, ಯಹೂದಿ ಹುಡುಗ್ರೂ ಬೇರೆ ಹುಡುಗ್ರೂ ಸಮ ಸಂಖ್ಯೇಲಿ ಕೂತು ಕುಯ್ದು ಕಲೀಲಿ, ಆಮೇಲೆ ಮೂಳೆ ಎಲ್ಲಾ ಜೋಡಿಸಿ ಅಸ್ಥಿಪಂಜರಾನ ಜೆರುಸಲೇಮ್ ಯೂನಿವರ್ಸಿಟಿ ಅನಾಟಮಿ ವಿಭಾಗಕ್ಕೆ ಕಳಿಸಿ. ಸತ್ತ ಮೇಲೂ ರೋಟಾ ಡ್ಯೂಟಿ ಹಾಕ್ಕೊಂಡ್ ಹೋದ ಮನುಷ್ಯ!

ಮಿಷನ್_ರೋಡ್_ಮೂರ್ತಿ:

ಎಲ್ರೂ ಚೆನ್ನಾಗಿ ಬರೆದಿದೀರ, ಆದ್ರೆ ಪಾಪ ಅವರ ಎರಡನೇ ಪ್ರಶ್ನೆ ಯಾರೂ ಮುಟ್ಟಿಲ್ಲ. ತಾತನ ಪ್ರಶ್ನೆ. ನನಗೆ ಇದ್ರಲ್ಲಿ ಅದೇ ಮುಖ್ಯ ಅನ್ಸುತ್ತೆ.

ಡಾಕ್ಟರ್ ‘ನೀನಿನ್ನು ಹೋಗ್ಬಹುದು’ ಅಂತಾರೆ. ಎಲ್ಲಿಗೆ? ಟೈಲರ್ ವಾಪಸ್ ಅದೇ ಕಿಟಕಿ ಇಲ್ಲದ ರೂಮಿಗೆ ಹೋದ್ರೆ ವರ್ಷದೊಳಗೆ ಮತ್ತೆ ಅದೇ ಹಾಸಿಗೆ. ಹೋಗ್ದೆ ಇದ್ರೆ ಹೆಂಡ್ತಿ ಮಕ್ಳಿಗೆ ಊಟ ಇಲ್ಲ. ಸ್ಯಾನಟೋರಿಯಂನೋರು ‘ವಾಸಿಯಾದವರು ಇಷ್ಟು’ ಅಂತ ವಾರ್ಷಿಕ ವರದೀಲಿ ಬರ್ಕೊಂಡಿದ್ದು ಎಷ್ಟೋ ಸಲ ಆರು ತಿಂಗಳ ವಾಸಿ ಅಷ್ಟೇ. ಇದು ಮೊದ್ಲು ಅರ್ಥ ಆಗಿದ್ದು ಪೇಷೆಂಟ್‌ಗಳಿಗೇ. 1908ರಲ್ಲಿ ಡೆನ್ವರ್‌ನಲ್ಲಿ ಡಿಸ್ಚಾರ್ಜ್ ಆದೋರೇ ಸೇರ್ಕೊಂಡು ಎಕ್ಸ್‌ಪೇಷೆಂಟ್ಸ್ ಟ್ಯುಬರ್ಕ್ಯುಲರ್ ಹೋಂ ಅಂತ ಶುರು ಮಾಡಿದ್ರು. ಆಸ್ಪತ್ರೆಯಿಂದ ಹೊರಗೆ ಬಿದ್ದೋನು ಮನೆ ಕೆಲಸ ಸಿಗೋವರ್ಗೂ ತಲೆ ಊರೋ ಜಾಗ. ಅಂದ್ರೆ ಕೋಲ್ಫಾಕ್ಸ್ ಅವ್ರೇ, ನಿಮ್ಮ ಊರಲ್ಲಿ ಎರಡಲ್ಲ, ಮೂರು ಇತ್ತು.

ಜೆಸಿಆರ್‌ಎಸ್ ಒಳಗೂ ಪ್ರಿಂಟಿಂಗ್ ಪ್ರೆಸ್ಸು, ಪುಸ್ತಕ ಬೈಂಡಿಂಗ್ ಇಟ್ಟು ಸ್ವಲ್ಪ ಸುಧಾರಿಸಿದ ಪೇಷೆಂಟ್ಸ್‌ಗೆ ಕೈಕೆಲಸ ಕಲಿಸ್ತಿದ್ರು.

ಆದ್ರೆ ಇದನ್ನ ನಿಜವಾಗ್ಲೂ ಲೆಕ್ಕ ಹಾಕಿ ಮಾಡಿದ್ದು ನ್ಯೂಯಾರ್ಕ್‌ನಲ್ಲಿ. 1915ರಲ್ಲಿ ಬ್ರಾಂಕ್ಸ್‌ನಲ್ಲಿ ಆಲ್ಟ್ರೋ ಅಂತ ಒಂದು ಬಟ್ಟೆ ಫ್ಯಾಕ್ಟರಿ ತೆಗೆದ್ರು, ಯಹೂದಿ ಕ್ಷಯರೋಗಿಗಳ ಮನೆಮಂದಿನ ನೋಡ್ಕೊಳ್ತಿದ್ದ ಒಂದು ಸಮಿತಿ. ಎಡ್ವರ್ಡ್ ಹಾಕ್‌ಹೌಸರ್ ಅನ್ನೋರು ಅದನ್ನ ಬಹಳ ವರ್ಷ ನಡೆಸಿದ್ರು. ಕೆಲಸಗಾರರೆಲ್ಲ ಸ್ಯಾನಟೋರಿಯಂನಿಂದ ಬಂದೋರು. ಹೊಲಿಯೋದು ಯೂನಿಫಾರಂ ಥರದ್ದು. ಹೊರಗಿಂದ ನೋಡಿದ್ರೆ ಮಾಮೂಲಿ ಗಾರ್ಮೆಂಟ್ಸ್, ಅವೇ ಮಷಿನ್ನು, ಅದೇ ಕತ್ತರಿ, ಅದೇ ಪೀಸು. ಒಳಗೆ ಮಾತ್ರ ಕ್ಲಾಕು ಬೇರೆ. ಹೊಸದಾಗಿ ಬಂದೋನು ದಿನಕ್ಕೆ ಮೂರ್ನಾಕು ಗಂಟೆ ಮಾತ್ರ ಕೂರ್ಬೇಕು. ಡಾಕ್ಟರ್ ಅಲ್ಲೇ ನೋಡ್ತಾರೆ, ತೂಕ ಜ್ವರ ಸರಿ ಇದ್ರೆ ಅರ್ಧ ಗಂಟೆ ಏರಿಸ್ತಾರೆ, ಸುಸ್ತು ಕಂಡ್ರೆ ಇಳಿಸ್ತಾರೆ. ಮಧ್ಯಾಹ್ನ ಮಲಗೋಕೆ ಮಂಚ. ಗಾಳಿ ಬೆಳಕು ಇರೋ ಹಾಲು. ಹಂಗೆ ಹಂಗೆ ಏರಿಸ್ಕೊಂಡು ಪೂರ್ತಿ ದಿನ ಕೂರೋ ಶಕ್ತಿ ಬಂದ್ಮೇಲೆ ಹೊರಗಿನ ಫ್ಯಾಕ್ಟರಿಗೆ ಕಳಿಸೋದು. ದುಡಿದಷ್ಟಕ್ಕೆ ಕೂಲಿ, ಮನೆ ಖರ್ಚಿಗೆ ಸಾಲದೇ ಇದ್ದಿದ್ದು ಸಮಿತಿ ತುಂಬಿಸ್ತಿತ್ತು. ಮಾಲು ಮಾರ್ಕೆಟ್ ರೇಟಿಗೇ ಮಾರ್ತಿದ್ರು, ಅರ್ಧ ದಿನ ಕೆಲಸ ಮಾಡೋರನ್ನ ಇಟ್ಕೊಂಡ್ರೆ ನಷ್ಟ ಆಗೇ ಆಗುತ್ತೆ, ಆ ನಷ್ಟಾನೇ ಅವರ ದಾನ.

ನಾನು ಇಪ್ಪತ್ತು ವರ್ಷ ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್ ಆಗಿ ಗಂಟೆಗೆ ಎಷ್ಟು ಪೀಸು ಅಂತ ಹುಡುಗೀರ ತಲೆ ಮೇಲೆ ನಿಂತೋನು. ಟಾರ್ಗೆಟ್ ಇಳಿಸೋಕೆ ಡಾಕ್ಟರ್‌ಗೆ ಅಧಿಕಾರ ಇರೋ ಫ್ಯಾಕ್ಟರಿ ಅಂತ ಓದಿದಾಗ ನಂಗೆ ನಂಬೋಕೇ ಆಗ್ಲಿಲ್ಲ.

ಯಹೂದಿ ಶಾಸ್ತ್ರದಲ್ಲಿ ಇದಕ್ಕೊಂದು ಬುನಾದಿ ಇದೆ. 12ನೇ ಶತಮಾನದ ಮೈಮಾನಿಡೀಸ್ ಅನ್ನೋ ಯಹೂದಿ ಪಂಡಿತ, ತಾನೂ ವೈದ್ಯನೇ, ದಾನಕ್ಕೆ ಎಂಟು ಮೆಟ್ಟಿಲು ಅಂತ ಹೇಳಿದಾನೆ. ಮುಖ ಗಂಟಿಕ್ಕಿಕೊಂಡು ಕೊಡೋದು ಎಲ್ಲಕ್ಕಿಂತ ಕೆಳಗೆ. ಎಲ್ಲಕ್ಕಿಂತ ಮೇಲೆ ಇರೋದು ಸಾಲ ಕೊಟ್ಟೋ ಪಾಲುದಾರ ಮಾಡ್ಕೊಂಡೋ ಕೆಲಸ ಕೊಡಿಸೋ, ಅವನು ಇನ್ನೊಬ್ರ ಹತ್ರ ಕೈ ಚಾಚದ ಹಂಗೆ ಮಾಡೋದು.

ಹಳೇ_ದಫ್ತರ:

ಮೂರ್ತಿ ಸರ್, ಭಾಳ ಚೆನ್ನಾಗಿ ಹೇಳಿದ್ರಿ. ಒಂದು ತಕರಾರು ಮಾತ್ರ. ಬೇರೆ ಊರಿನ ಸಮಿತಿಗಳು ಎಲ್ಲವೂ ಇಷ್ಟು ಒಳ್ಳೇವಾಗಿರ್ಲಿಲ್ಲ. ಪೂರ್ವದ ಊರುಗಳ ಎಷ್ಟೋ ಧರ್ಮಸಂಸ್ಥೆಗಳು ರೋಗಿ ಕೈಗೆ ಡೆನ್ವರ್‌ಗೆ ಒಂದು ಕಡೆಯ ಟಿಕೆಟ್ ಕೊಟ್ಟು ರೈಲು ಹತ್ತಿಸಿ ಕೈ ತೊಳ್ಕೊಂಡಿದಾವೆ. ನ್ಯಾಷನಲ್ ಜ್ಯೂಯಿಷ್‌ನೋರು ಅಷ್ಟು ಕಟ್ಟುನಿಟ್ಟು ಮಾಡಿದ್ದಕ್ಕೆ ಅದೂ ಒಂದು ಕಾರಣ.

ಇನ್ನೊಂದು, ಅಪ್ಪ ಅಮ್ಮ ಆಸ್ಪತ್ರೇಲಿ ಇದ್ರೆ ಮಕ್ಳು ಎಲ್ಲಿ? ಅದಕ್ಕೆ 1907ರಲ್ಲಿ ಫ್ಯಾನಿ ಲಾರ್ಬರ್ ಅನ್ನೋರು ಜೊತೆಯೋರನ್ನ ಕಟ್ಕೊಂಡು ಡೆನ್ವರ್‌ನಲ್ಲೇ ಮಕ್ಕಳ ಆಶ್ರಯಧಾಮ ತೆಗೆದ್ರು. ಟಿಬಿ ಕಮ್ಮಿ ಆದ್ಮೇಲೆ ಅದು ಆಸ್ತಮಾ ಮಕ್ಕಳ ಆಸ್ಪತ್ರೆ ಆಯ್ತು, ಸಂಶೋಧನೇನೂ ಶುರುವಾಯ್ತು, 1966ರಲ್ಲಿ ಇಶಿಜಾಕಾ ಅನ್ನೋ ಜಪಾನಿ ಗಂಡ ಹೆಂಡ್ತಿ ಅಲರ್ಜಿಗೆ ಮೂಲವಾದ, ರಕ್ತದಲ್ಲಿರೋ ಐಜಿಇ ಅನ್ನೋ ಪ್ರತಿಕಾಯ ಕಂಡುಹಿಡಿದಿದ್ದು ಅಲ್ಲೇ. ನಾವೀಗ ಲ್ಯಾಬಲ್ಲಿ ಐಜಿಇ ಟೆಸ್ಟ್ ಅಂತ ದುಡ್ಡು ಕಟ್ತೀವಲ್ಲ, ಅದೇ. ಆಮೇಲೆ 1978ರಲ್ಲಿ ಅದು ನ್ಯಾಷನಲ್ ಜ್ಯೂಯಿಷ್ ಜೊತೆ ಸೇರ್ಕೊಂಡ್ತು.

ಸಿಸ್ಟರ್_ಶಾಂತಾ:

ಇವೆಲ್ಲ ಯಾಕೆ ಮುಚ್ಚಿದ್ವು ಅಂತ ಯಾರಾದ್ರೂ ಕೇಳೋಕೆ ಮುಂಚೆ ಹೇಳ್ಬಿಡ್ತೀನಿ. 1943ರಲ್ಲಿ ಟಿಬಿ ಕ್ರಿಮಿ ಕೊಲ್ಲೋ ಔಷಧಿ ಸ್ಟ್ರೆಪ್ಟೋಮೈಸಿನ್ ಸಿಕ್ತು, ವಾಕ್ಸ್‌ಮನ್ ಲ್ಯಾಬಲ್ಲಿ ಶಾಟ್ಜ್ ಅನ್ನೋ ಹುಡುಗ ಕಂಡುಹಿಡಿದಿದ್ದು, ಇಬ್ರೂ ಯಹೂದಿಗಳೇ. 1952ರಲ್ಲಿ ಐಸೋನಿಯಾಜಿಡ್ ಅನ್ನೋ ಇನ್ನೊಂದು ಟಿಬಿ ಔಷಧಿ ಬಂತು. ಎರಡೇ ವರ್ಷಕ್ಕೆ, 1954ರಲ್ಲಿ, ಜೆಸಿಆರ್‌ಎಸ್ ಟಿಬಿ ಬಿಟ್ಟು ಕ್ಯಾನ್ಸರ್ ಕಡೆ ತಿರುಗಿ ಹೆಸ್ರೂ ಬದಲಾಯಿಸ್ಕೊಂಡ್ತು. ಕ್ಯಾಲಿಫೋರ್ನಿಯಾದ ಸಿಟಿ ಆಫ್ ಹೋಪ್ ಈಗ ಕ್ಯಾನ್ಸರ್‌ಗೆ ಹೆಸರುವಾಸಿ ಅಲ್ವಾ, ಅದೂ 1914ರಲ್ಲಿ ಯಹೂದಿ ಕಾರ್ಮಿಕರು ಎರಡು ಟೆಂಟ್ ಹಾಕಿ ಶುರು ಮಾಡಿದ ಟಿಬಿ ಸ್ಯಾನಟೋರಿಯಂ.

ಇನ್ನು ಸ್ಯಾನಟೋರಿಯಂ ಅನ್ನೋ ಪದ್ಧತಿಗೇ ಕೊನೇ ಮೊಳೆ ಹೊಡೆದಿದ್ದು ನಮ್ಮ ಪಕ್ಕದ ಮದರಾಸಲ್ಲಿ. 1956ರಲ್ಲಿ ಶುರು ಮಾಡಿ 193 ಪೇಷೆಂಟ್‌ಗಳನ್ನ ಎರಡು ಗುಂಪು ಮಾಡಿದ್ರು, ಒಂದು ಗುಂಪಿಗೆ ಸ್ಯಾನಟೋರಿಯಂ, ಒಳ್ಳೇ ಊಟ, ರೆಸ್ಟು. ಇನ್ನೊಂದು ಗುಂಪು ಕೊಳೆಗೇರಿ ಮನೆಗಳಲ್ಲೇ, ಅದೇ ಮಾತ್ರೆ. ವರ್ಷ ಆದ್ಮೇಲೆ ನೋಡಿದ್ರೆ ಫಲಿತಾಂಶ ಹೆಚ್ಚುಕಮ್ಮಿ ಒಂದೇ. ಮನೇಲಿದ್ದೋರ ಮನೆಮಂದಿಗೆ ಹೆಚ್ಚು ಅಂಟಲೂ ಇಲ್ಲ. ಅಲ್ಲಿಗೆ ಗಾಳಿ ಬಿಸಿಲು ಮೊಟ್ಟೆ ಕಥೆ ಮುಗೀತು.

ಕೋಲ್ಫಾಕ್ಸ್ ಅವ್ರೇ, ನಿಮ್ಮ ತಾತ ಇದ್ದಿದ್ದು ಮೈಸೂರು ಕೆಆರ್‌ಎಸ್ ರೋಡಿನ ಪಿಕೆಟಿಬಿ ಸ್ಯಾನಟೋರಿಯಂನಲ್ಲೇ ಇರ್ಬೇಕು. ನಾಲ್ವಡಿಯವರ ಸೋದರಿ ಕೃಷ್ಣಾಜಮ್ಮಣ್ಣಿ ಕ್ಷಯದಲ್ಲಿ ತೀರ್ಕೊಂಡ್ರು ಅಂತ ಅವರ ಹೆಸರಲ್ಲಿ 1921ರಲ್ಲಿ ಆಗಿದ್ದು. ಅರಮನೆ ಸಂಕಟದಿಂದ ಹುಟ್ಟಿದ್ದು ಅದು. ಇಲ್ಲಿ ಟೈಲರ್‌ಗಳು ಚಿಲ್ಲರೆ ಕೂಡಿಸಿ ಟೆಂಟ್ ಹಾಕಿದ್ದು. ಒಳಗಿನ ಕಬ್ಬಿಣದ ಮಂಚ, ಕಫದ ಡಬ್ಬಿ ಮಾತ್ರ ಎರಡೂ ಕಡೆ ಒಂದೇ ಥರ.

ಮತ್ತೆ ಆ ಲೋಟದ ವಿಷ್ಯ. ಟಿಬಿ ತಟ್ಟೆ ಲೋಟದಿಂದ ಬರಲ್ಲ, ಕೆಮ್ಮಿದಾಗ ಗಾಳೀಲಿ ಬರೋದು. ವಾರ್ಡಲ್ಲಿ ಈಗ್ಲೂ ದಿನಾ ಇದನ್ನೇ ಹೇಳ್ತಿರ್ತೀನಿ.

ಕೋಲ್ಫಾಕ್ಸ್_ಕನ್ನಡಿಗ:

ಎಲ್ರಿಗೂ ಧನ್ಯವಾದ, ಇಷ್ಟು ಸಿಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಇದೆಲ್ಲ ಓದಿ ನಿನ್ನೆ ರಾತ್ರಿ ಅಮ್ಮಂಗೆ ಫೋನ್ ಮಾಡ್ದೆ. ಲೋಟ ಬೇರೆ ಇಡೋದು ಅಜ್ಜಿ ಎರಡೇ ವರ್ಷಕ್ಕೆ ಬಿಟ್ಟಿದ್ರಂತೆ, ಒಳಗಿನ ಸ್ಟೀಲ್ ಲೋಟದಲ್ಲೇ ಕಾಫಿ ಕೊಟ್ರೆ ತಾತ ಎದ್ದು ಹೋಗಿ ಗೂಡಿಂದ ತಮ್ಮ ಅಲ್ಯೂಮಿನಿಯಂ ಲೋಟ ತಂದು ಅದಕ್ಕೆ ಬಗ್ಗಿಸ್ಕೊಂಡು ಕುಡೀತಿದ್ರಂತೆ. ಮೂವತ್ತು ವರ್ಷ. ನಾನು ನೋಡಿದ್ದು ಅದನ್ನೇ.

ಮೂರ್ತಿ ಸರ್, ಕೆಲಸ ಹೋದ್ಮೇಲೆ ಅವರು ಮನೇಲೇ ಕೂತು ಅಂಗಡಿಗಳಿಗೆ ಲೆಕ್ಕ ಬರ್ಕೊಡ್ತಿದ್ರು, ಪುಸ್ತಕ ಮನೆಗೇ ತಂದ್ಕೊಡ್ತಿದ್ರು, ಅಂಗಡಿ ಒಳಗೆ ಕೂರಿಸ್ತಿರ್ಲಿಲ್ಲ.

ಶನಿವಾರ ಆ ಕ್ಯಾಂಪಸ್ ಕಡೆ ಮತ್ತೆ ಹೋಗ್ತೀನಿ. ಹಳೇ ಟೆಂಟ್ ಒಂದಾದ್ರೂ ಉಳಿದಿದೆಯಾ, ಒಳಗೆ ನೋಡೋಕೆ ಬಿಡ್ತಾರಾ?

ಹಳೇ_ದಫ್ತರ:

ಮೊದ್ಲು ಫೋನ್ ಮಾಡಿ ಕೇಳ್ಕೊಂಡ್ ಹೋಗಿ ಸರ್, ಶನಿವಾರ ಬೀಗ ಇರ್ಬಹುದು. ಜೆಸಿಆರ್‌ಎಸ್ ಕಾಗದಪತ್ರ ಎಲ್ಲಾ ಡೆನ್ವರ್ ಯೂನಿವರ್ಸಿಟಿ ಬೆಕ್ ಆರ್ಕೈವ್ಸ್‌ನಲ್ಲಿದೆ, ಪೇಷೆಂಟ್ ಕೇಸ್ ಶೀಟ್‌ಗಳ ಸಮೇತ. ಅಲ್ಲಿಗೂ ಒಂದ್ಸಲ ಹೋಗ್ಬನ್ನಿ, ಹೋದ್ರೆ ಇಲ್ಲಿ ಬರೀರಿ.